ಸಿಡ್ನಿಯ ರಾಯಲ್ ನ್ಯಾಷನಲ್ ಪಾರ್ಕ್: ಅತ್ತೆ-ಮಾವ, ಮಗಳು, ಅವಳ ಸೈಕಲ್ಲು, ಎಲ್ಲ ಸೇರಿ ಒಂದೇ ದಿನದಲ್ಲಿ ಆಗುತ್ತಾ?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ನಾವಿರುವುದು ವೆಂಟ್‌ವರ್ತ್‌ವಿಲ್‌ನಲ್ಲಿ. ತೀರ್ಥಹಳ್ಳಿಯಿಂದ ಅತ್ತೆ-ಮಾವ ಬಂದಿದ್ದಾರೆ. ಒಪೆರಾ ಹೌಸ್, ಹಾರ್ಬರ್ ಬ್ರಿಡ್ಜ್ ಎಲ್ಲ ತೋರಿಸಿ ಆಯಿತು. ಮೊನ್ನೆ ಊಟಕ್ಕೆ ಕೂತಾಗ ಮಾವ, "ಇಲ್ಲಿ ಕಾಡು ಅಂತ ಎಲ್ಲೂ ಇಲ್ವೇನಮ್ಮಾ?" ಎಂದು ಕೇಳಿದರು. ನಂಗೆ ಆಗಲೇ ರಾಯಲ್ ನ್ಯಾಷನಲ್ ಪಾರ್ಕ್ ನೆನಪಾಯಿತು. ಕಾಡೂ ಇದೆ, ಸಮುದ್ರವೂ ಇದೆ ಅಂತ ಕೇಳಿದ್ದೇನೆ, ಹೋಗಿಲ್ಲ.

ಮಾವನಿಗೆ 68. ತೋಟದಲ್ಲಿ ದಿನಾ ಓಡಾಡಿದ ಜೀವ, ಆರೇಳು ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ. ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಮಗಳಿಗೆ 9 ವರ್ಷ, ಹೊಸ ಸೈಕಲ್ ಬಂದಿದೆ, ಬಿಟ್ಟು ಬರುವುದಿಲ್ಲ ಅಂತ ಹಟ. ಯಜಮಾನರಿಗೆ ಸಮುದ್ರದ ಬಂಡೆಯಲ್ಲಿರುವ ಫಿಗರ್ ಎಯ್ಟ್ ಪೂಲ್ಸ್ ಎಂಬ ನೀರಿನ ಹೊಂಡ ನೋಡಬೇಕು. ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ಹೋಗುವ ಯೋಚನೆ.

ಸಮುದ್ರದ ಅಂಚಿನಲ್ಲೇ ಹೋಗುವ ಕೋಸ್ಟ್ ಟ್ರ್ಯಾಕ್ ಎಂಬ ದಾರಿಯಲ್ಲಿ ಸೈಕಲ್ ಬಿಡುತ್ತಾರಾ? ಅತ್ತೆಗೆ ಸಮುದ್ರ ಕಾಣುವಂಥ ಸುಲಭದ ಜಾಗ ಯಾವುದು? ಹೆಲೆನ್ಸ್‌ಬರ್ಗ್ ದೇವಸ್ಥಾನ ಅದೇ ದಿನ ಮುಗಿಸಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಎರಡು ಗಾಲಿ
ಕೋಸ್ಟ್ ಟ್ರ್ಯಾಕ್‌ನಲ್ಲಿ ಸೈಕಲ್ ಇಲ್ಲ. ಅದು ನಡೆಯುವವರಿಗೆ ಮಾತ್ರ. ಮಗಳಿಗೆ ಲೇಡಿ ಕ್ಯಾರಿಂಗ್ಟನ್ ಡ್ರೈವ್ ಇದೆ, ಬೇರೆ ಯೋಚನೆಯೇ ಬೇಡ.

ತುಂಗೆಯ ದಡ
ಡ್ರೈವ್ ಅಂದರೆ ಕಾರು ಓಡಾಡುವುದಿಲ್ವಾ? ಹೆಸರು ನೋಡಿ ಹೆದರಿಕೆಯಾಯಿತು.

ಎರಡು ಗಾಲಿ
ಕಾರು ಬಿಡುವುದಿಲ್ಲ. ಹಿಂದೆ ಕುದುರೆ ಗಾಡಿಗಳಿಗೆ ಮಾಡಿದ ದಾರಿ. 1880ರ ದಶಕದ್ದು. ಆಗಿನ ಗವರ್ನರ್ ಕ್ಯಾರಿಂಗ್ಟನ್ ಅವರ ಹೆಂಡತಿಯ ಹೆಸರು ಇಟ್ಟರು. ಆಡ್ಲಿ ಎನ್ನುವಲ್ಲಿ ಶುರುವಾಗುತ್ತದೆ. ಒಂದು ಕಡೆಗೆ ಸುಮಾರು 10 ಕಿ.ಮೀ. ಹ್ಯಾಕಿಂಗ್ ನದಿಯ ಪಕ್ಕದಲ್ಲೇ ಹೋಗುತ್ತದೆ. ಡಾಂಬರು ಇಲ್ಲ, ಮಣ್ಣು-ಜಲ್ಲಿ. ದೊಡ್ಡ ಏರು ಇಲ್ಲ. ಅಲ್ಲಲ್ಲಿ ಸಣ್ಣ ಹಳ್ಳ ದಾಟುತ್ತದೆ, ಒಂದೊಂದು ಹಳ್ಳಕ್ಕೂ ಮೂಲ ನಿವಾಸಿಗಳ ಭಾಷೆಯ ಹೆಸರಿನ ಫಲಕ ಇದೆ. ನನ್ನ ಮಗ 8 ವರ್ಷದವನಿದ್ದಾಗ ಐದು ಕಿಲೋಮೀಟರ್ ಹೋಗಿ ವಾಪಸ್ ಬಂದೆವು. ಪೂರ್ತಿ ಹೋಗಲೇಬೇಕು ಅಂತೇನಿಲ್ಲ, ಸುಸ್ತಾದ ಕಡೆ ತಿರುಗಿಸಿಕೊಳ್ಳಿ.

ಟೈರು ಸ್ವಲ್ಪ ದಪ್ಪ ಇರಲಿ. ಹೆಲ್ಮೆಟ್ ಕಡ್ಡಾಯ, ಇಲ್ಲಿ ಮಕ್ಕಳಿಗೂ ದೊಡ್ಡವರಿಗೂ ಕಾನೂನು ಒಂದೇ. ನೀರು, ಒಂದು ಪಂಪು, ಒಂದು ಟ್ಯೂಬು. ಆಡ್ಲಿ ಬಿಟ್ಟರೆ ಮುಂದೆ ಅಂಗಡಿ ಇಲ್ಲ, ಫೋನ್ ಸಿಗ್ನಲ್ಲೂ ನೆಚ್ಚಿಕೊಳ್ಳುವ ಹಾಗಿಲ್ಲ.

ಹಕ್ಕಿ ನೋಡೋಣ
ಮಾವನವರನ್ನು ಅದೇ ದಾರಿಯಲ್ಲಿ ನಡೆಸಿ. ಕಾಡು ಕೇಳಿದ್ದು ಅವರು ತಾನೆ. ಆ ನದಿ ಕಣಿವೆಯಲ್ಲಿ ಮಳೆಕಾಡಿನ ತುಂಡುಗಳಿವೆ, ದೊಡ್ಡ ದೊಡ್ಡ ಮರ, ಬುಡದಲ್ಲಿ ಮರಜರಿ. ನಮ್ಮ ಮಲೆನಾಡಿನವರಿಗೆ ಮನೆಗೆ ಬಂದ ಹಾಗಾಗುತ್ತದೆ.

ಬೆಳಿಗ್ಗೆ ಬೇಗ ಹೋದರೆ ಲೈರ್‌ಬರ್ಡ್ ಕೇಳಬಹುದು. ಬೇರೆ ಹಕ್ಕಿಗಳ ಕೂಗನ್ನೆಲ್ಲ ಒಂದರ ಹಿಂದೆ ಒಂದು ಅನುಕರಿಸುತ್ತದೆ. ನಾನು ಮೊದಲ ಸಲ ಕೇಳಿದಾಗ ಪೊದೆಯ ಹಿಂದೆ ಆರೇಳು ಜಾತಿ ಹಕ್ಕಿ ಇವೆ ಅಂದುಕೊಂಡು ಅರ್ಧ ಗಂಟೆ ನಿಂತಿದ್ದೆ. ಆಮೇಲೆ ಹೊರಗೆ ಬಂದದ್ದು ಒಂದೇ ಕಂದು ಹಕ್ಕಿ, ಕೋಳಿ ಗಾತ್ರದ್ದು. ಕಾಲಿನಲ್ಲಿ ಒಣ ಎಲೆ ಕೆದಕುತ್ತಾ ನಮ್ಮ ಮುಂದೆಯೇ ಹಾದುಹೋಯಿತು.

ಬೆಂಗಳೂರು-ಬ್ಲ್ಯಾಕ್‌ಟೌನ್
ಇಷ್ಟು ದೂರ ಹೋಗಿ ನದಿ ಪಕ್ಕ ಸೈಕಲ್ ಹೊಡೆದು ಬರೋದಾ? ಸಮುದ್ರದ ಬಂಡೆಗಳೇ ಅಲ್ಲಿನ ಜೀವ. ಫಿಗರ್ ಎಯ್ಟ್ ಪೂಲ್ಸ್ ಬಿಡಬೇಡಿ. ನಾವು ನಾಲ್ಕು ಜನ ಹೋಗಿದ್ದೆವು, ಇಳಿತದ ಹೊತ್ತು ನೋಡಿಕೊಂಡು. ಏನೂ ಆಗಲಿಲ್ಲ. ಎಂಟರ ಆಕಾರದಲ್ಲೇ ಕಲ್ಲಿನಲ್ಲಿ ಹೊಂಡ, ತಿಳಿ ನೀರು. ಜೀವನದಲ್ಲಿ ಒಮ್ಮೆ ನೋಡಬೇಕು.

ವುಲ್ಲಾಂಗಾಂಗ್ ವಾಸಿ
ದಯವಿಟ್ಟು ಈ ಸಲಹೆ ಕೊಡಬೇಡಿ. 68 ವರ್ಷದವರು, ಮೊಣಕಾಲು ನೋವಿನವರು, 9 ವರ್ಷದ ಮಗು ಇದ್ದಾರೆ ಅಂತ ಮೇಲೆ ಬರೆದಿದ್ದಾರೆ. ಗ್ಯಾರವಾರ ಫಾರ್ಮ್ ಕಾರ್ ಪಾರ್ಕಿನಿಂದ ಕಡಿದಾಗಿ ಇಳಿಯಬೇಕು, ಬರುವಾಗ ಅಷ್ಟೂ ಹತ್ತಬೇಕು. ಕೊನೆಯ ಭಾಗ ದಾರಿಯೇ ಅಲ್ಲ, ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ಹೋಗುವುದು.

ಅದಕ್ಕಿಂತ ದೊಡ್ಡದು ಅಲೆ. ಆ ಹೊಂಡಗಳಿರುವ ಕಲ್ಲುಹಾಸು ಸಮುದ್ರದ ಮಟ್ಟದಲ್ಲೇ ಇದೆ. ಅಲೆ ಬಂದರೆ ಜನರನ್ನು ಚೂಪು ಕಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಎಷ್ಟು ಸಲ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗಿದೆ. ಪಾರ್ಕಿನವರು ಆ ಒಂದು ಜಾಗಕ್ಕೆ ಅಂತಲೇ ಅಲೆಯ ಅಪಾಯದ ಮುನ್ಸೂಚನೆ ಹಾಕುತ್ತಾರೆ. ಅದರ ಅರ್ಥ ಏನು ಯೋಚಿಸಿ.

ಬೆಂಗಳೂರು-ಬ್ಲ್ಯಾಕ್‌ಟೌನ್
ಅದಕ್ಕೇ ಹೇಳಿದ್ದು, ಇಳಿತ ನೋಡಿಕೊಂಡು ಹೋಗಿ ಅಂತ. ಹೆದರಿಸಿದರೆ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ.

ಕುಮಟಾ ಕಡಲು
ಇಳಿತ ಒಂದೇ ನೋಡಿದರೆ ಸಾಲದು ಸರ್. ನಮ್ಮ ಮನೆಯವರು ಮೂರು ತಲೆಮಾರು ಮೀನು ಹಿಡಿದವರು, ಅದಕ್ಕೆ ಹೇಳುತ್ತೇನೆ. ಉಬ್ಬರ-ಇಳಿತ ಬೇರೆ, ಅಲೆ ಬೇರೆ. ಉಬ್ಬರ-ಇಳಿತ ಚಂದ್ರ-ಸೂರ್ಯರ ಲೆಕ್ಕ, ವರ್ಷದ ಮೊದಲೇ ಪಟ್ಟಿ ಮಾಡಿಡಬಹುದು. ಅಲೆ ಹಾಗಲ್ಲ. ದಕ್ಷಿಣದಲ್ಲಿ ನೂರಾರು ಮೈಲಿ ದೂರ ಬಿರುಗಾಳಿ ಎದ್ದರೆ ಅದರ ಅಲೆ ಎರಡು ದಿನ ಬಿಟ್ಟು ಇಲ್ಲಿಗೆ ಬರುತ್ತದೆ. ಇಲ್ಲಿ ಬಿಸಿಲು, ಗಾಳಿಯೇ ಇಲ್ಲ, ನೀರು ಇಳಿದಿದೆ. ಎಲ್ಲ ಶಾಂತ ಅಂತ ಕಾಣುತ್ತದೆ. ಹತ್ತು ನಿಮಿಷ ಸಣ್ಣ ಅಲೆ. ಆಮೇಲೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ.

ಕುಮಟಾ-ಗೋಕರ್ಣದ ಕಡೆ ಬಂಡೆ ಮೇಲೆ ಫೋಟೋ ತೆಗೆಸಿಕೊಳ್ಳಲು ಹೋಗಿ ಎಷ್ಟು ಮಕ್ಕಳು ಹೋದರು, ನಾವೇ ಹುಡುಕಲು ದೋಣಿ ಬಿಟ್ಟಿದ್ದೇವೆ. ಆ ತಂದೆ-ತಾಯಂದಿರು ದಡದಲ್ಲಿ ಕೂತಿರುವುದನ್ನು ನೋಡಿದವನಿಗೆ "ಏನೂ ಆಗಲಿಲ್ಲ" ಅನ್ನುವ ಮಾತು ಕೇಳಿದರೆ ಹೊಟ್ಟೆ ತೊಳಸುತ್ತದೆ. ನಿಮಗೆ ಏನೂ ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ಇನ್ನೊಬ್ಬರಿಗೆ ಅದನ್ನು ದಾರಿ ಅಂತ ತೋರಿಸಬೇಡಿ.

ಬೆಂಗಳೂರು-ಬ್ಲ್ಯಾಕ್‌ಟೌನ್
ಸರಿ ಸರ್. ಅಲೆಯ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ನಾವು ಇಳಿತದ ಪಟ್ಟಿ ಮಾತ್ರ ನೋಡಿದ್ದೆವು. ಮೇಲಿನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ.

ನಡೆದಷ್ಟೂ ದಾರಿ
ಕೋಸ್ಟ್ ಟ್ರ್ಯಾಕ್ ಬಗ್ಗೆ ನಾನು ಹೇಳುತ್ತೇನೆ. ಪೂರ್ತಿ ಮೂರು ಸಲ ನಡೆದಿದ್ದೇನೆ. ಉತ್ತರದ ಬಂಡೀನಾದಿಂದ ದಕ್ಷಿಣದ ಆಟ್ಫರ್ಡ್‌ವರೆಗೆ 26 ಕಿ.ಮೀ. ಗಟ್ಟಿ ನಡಿಗೆಯವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನನ್ನ ಮಾತು ಕೇಳಿದರೆ ಎರಡು ದಿನ ಮಾಡಿ, ನಾರ್ತ್ ಈರಾದಲ್ಲಿ ಡೇರೆ ಹಾಕಬಹುದು. ಅದಕ್ಕೆ ಮುಂಚೆಯೇ ಬುಕ್ ಮಾಡಬೇಕು. ಕುಡಿಯುವ ನೀರು ಅಲ್ಲಿಲ್ಲ, ಹೊತ್ತುಕೊಂಡೇ ಹೋಗಬೇಕು. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂತ ನಾನು ಲೆಕ್ಕ ಹಾಕುತ್ತೇನೆ.

ಮೊದಲ ಸಲ ಒಂದೇ ದಿನದಲ್ಲಿ ಮುಗಿಸಲು ಹೋಗಿ ನೋಡಿದ್ದೇನೂ ನೆನಪಿಲ್ಲ. ಗಡಿಯಾರ ನೋಡಿದ್ದೇ ನೆನಪು. ಕೊನೆಗೆ ಆಟ್ಫರ್ಡ್ ಏರು ಹತ್ತುವಾಗ ಕತ್ತಲಾಯಿತು. ಅಲ್ಲಿ ರೈಲು ಕಮ್ಮಿ. ಒಂದು ತಪ್ಪಿದರೆ ಪ್ಲಾಟ್‌ಫಾರಂ ಮೇಲೆ ಕೂತು ಕಾಯುವುದೇ. ಎರಡನೇ ಸಲ ತುಂಡು ತುಂಡಾಗಿ ಮಾಡಿದೆ. ಆಗ ಕಣ್ಣು ತೆರೆಯಿತು.

ದಾರಿ ಒಂದೇ ಥರ ಇರುವುದಿಲ್ಲ, ಅದೇ ಅದರ ಸೊಗಸು. ಉತ್ತರದಲ್ಲಿ ಬಯಲು, ಗಾಳಿಗೆ ಬಗ್ಗಿದ ಕುರುಚಲು ಗಿಡ, ಕಾಲಡಿ ಮರಳುಗಲ್ಲು. ಆ ಕಲ್ಲಿಗೆ 20 ಕೋಟಿಗೂ ಹೆಚ್ಚು ವರ್ಷ. ಉಪ್ಪುಗಾಳಿ ತಿಂದು ತಿಂದು ಜೇನುಗೂಡಿನ ಹಾಗೆ ತೂತು ತೂತಾಗಿದೆ. ಪಕ್ಕದಲ್ಲೇ ಪ್ರಪಾತ, ಕೆಳಗೆ ಸಮುದ್ರ. ದಕ್ಷಿಣಕ್ಕೆ ಹೋದ ಹಾಗೆ ಹಸಿರು ಗುಡ್ಡ, ಆಮೇಲೆ ಇದ್ದಕ್ಕಿದ್ದಂತೆ ತಾಳೆ ಮರಗಳ ಕಾಡು. ಪಾಮ್ ಜಂಗಲ್ ಅಂತಲೇ ಹೆಸರು.

ನಿಮ್ಮ ಮಾವನವರಿಗೆ ಬಂಡೀನಾದಿಂದ ವೆಡ್ಡಿಂಗ್ ಕೇಕ್ ರಾಕ್ ಸರಿ ಹೋಗುತ್ತದೆ. ಹೋಗಿ ಬರಲು ಸುಮಾರು 7 ಕಿ.ಮೀ.

ಹೊಸಬ
ವೆಡ್ಡಿಂಗ್ ಕೇಕ್ ರಾಕ್ ಮೇಲೆ ನಿಂತು ಫೋಟೋ ತೆಗೆಯಬಹುದಾ? ಬಿಳೀ ಕಲ್ಲು, ತುಂಬಾ ಚಂದ ಕಾಣುತ್ತೆ ಫೋಟೋದಲ್ಲಿ.

ನಡೆದಷ್ಟೂ ದಾರಿ
ಇಲ್ಲ. 2015ರಲ್ಲೇ ಬೇಲಿ ಹಾಕಿದ್ದಾರೆ. ಕಲ್ಲಿನ ಅಡಿಯಲ್ಲಿ ಏನೂ ಇಲ್ಲ, ಕೆಳಗಡೆ ಸವೆದು ಹೋಗಿ ಮೇಲಿನ ಭಾಗ ಗಾಳಿಯಲ್ಲಿ ಚಾಚಿಕೊಂಡಿದೆ. ಪರೀಕ್ಷೆ ಮಾಡಿದವರು ಅದು ಬಿದ್ದೇ ಬೀಳುತ್ತದೆ ಅಂತ ಹೇಳಿದ್ದಾರೆ. ಬೇಲಿ ದಾಟಿದರೆ ದಂಡ. ಬೇಲಿಯ ಈಚೆಯಿಂದಲೇ ಚೆನ್ನಾಗಿ ಕಾಣುತ್ತದೆ.

ಹಾರ್ನ್ಸ್‌ಬಿ ಕನ್ನಡತಿ
ತುಂಗೆಯ ದಡ ಅವರೇ, ನಿಮ್ಮ ಅತ್ತೆಯ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ! ನನ್ನ ಅಮ್ಮನಿಗೂ ಮೊಣಕಾಲೇ. ನಾನು ಮಾಡಿದ್ದು ಹೇಳುತ್ತೇನೆ. ಕ್ರೊನಲ್ಲಾವರೆಗೆ ರೈಲು. ನಿಲ್ದಾಣದಿಂದ ಸ್ವಲ್ಪ ನಡೆದರೆ ದೋಣಿಕಟ್ಟೆ. ಅಲ್ಲಿಂದ ಬಂಡೀನಾಗೆ ಫೆರ್ರಿ, ಸುಮಾರು ಅರ್ಧ ಗಂಟೆ. ನಾವು ಹೋದಾಗ ಆ ಸಾಲಿನಲ್ಲಿ ಓಡುತ್ತಿದ್ದ ಕರನುಲ್ಲಾ ಎನ್ನುವ ಮರದ ದೋಣಿ 1939ರದ್ದು. ಅಮ್ಮನಿಗೆ ಆ ದೋಣಿಯೇ ಇಷ್ಟವಾಯಿತು. ಹೊಳೆ ದಾಟುವ ಹಾಗೆ ಅನಿಸಿತು ಅಂದರು. ಬಂಡೀನಾದಲ್ಲಿ ಇಳಿದರೆ ಪಕ್ಕದಲ್ಲೇ ಸಣ್ಣ ಬೀಚು. ಒಂದು ಬೆಂಚು ಹಿಡಿದು, ಫ್ಲಾಸ್ಕಿನ ಕಾಫಿ, ಚಕ್ಕುಲಿ. ಅವರಿಗೆ ಅಷ್ಟು ಸಾಕು.

ನಡೆಯುವವರು ಅಲ್ಲಿಂದ ಜಿಬ್ಬನ್ ಕಡೆಗೆ ಹೋಗಿ. ಇಲ್ಲಿಯ ಮೂಲ ನಿವಾಸಿಗಳಾದ ಧರಾವಲ್ ಜನರು ಕಲ್ಲಿನಲ್ಲಿ ಕೆತ್ತಿದ ಚಿತ್ರಗಳಿವೆ. ತಿಮಿಂಗಿಲ, ಕಾಂಗರೂ, ಕೈಗೆ ಆರು ಬೆರಳಿರುವ ಒಂದು ಮನುಷ್ಯಾಕೃತಿ. ಮೇಲೆ ಹತ್ತಿ ನೋಡಲು ಅಟ್ಟಣೆ ಕಟ್ಟಿದ್ದಾರೆ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿನಲ್ಲಿ ಗೆರೆ ಎದ್ದು ಕಾಣುತ್ತದೆ. ಮಧ್ಯಾಹ್ನ ಏನೂ ಕಾಣುವುದಿಲ್ಲ.

ಮಂಡ್ಯದವ
ಪ್ರಪಂಚದ ಮೊದಲ ನ್ಯಾಷನಲ್ ಪಾರ್ಕ್ ಇದೇ ಅಲ್ವಾ?

ಹಕ್ಕಿ ನೋಡೋಣ
ಎರಡನೆಯದು ಅಂತ ಹೇಳುವುದು ವಾಡಿಕೆ. ಅಮೆರಿಕದ ಯೆಲ್ಲೋಸ್ಟೋನ್ 1872, ಇದು 1879. ಸುಮಾರು 15,000 ಹೆಕ್ಟೇರ್. ಮೊದಲು ಬರೀ 'ದಿ ನ್ಯಾಷನಲ್ ಪಾರ್ಕ್' ಅಂತಿತ್ತು. 1954ರಲ್ಲಿ ಎಲಿಜಬೆತ್ ರಾಣಿ ಈ ದಾರಿಯಾಗಿ ರೈಲಿನಲ್ಲಿ ಹೋದರು. ಮರು ವರ್ಷ 'ರಾಯಲ್' ಸೇರಿತು. ಆದರೆ ಧರಾವಲ್ ಜನರಿಗೆ ಅದು ಸಾವಿರಾರು ವರ್ಷದಿಂದ ಮನೆ. ದಡದಲ್ಲಿ ಅವರು ತಿಂದು ಬಿಟ್ಟ ಚಿಪ್ಪುಗಳ ರಾಶಿ ಈಗಲೂ ಇದೆ. ಆ ರಾಶಿ ತುಳಿಯಬೇಡಿ, ಚಿಪ್ಪು ಎತ್ತಿಕೊಳ್ಳಬೇಡಿ.

ಮಂಡ್ಯದವ
ಒಳ್ಳೆ ಮಾಹಿತಿ. ನಾವು ಹೋದಾಗ ಜಿಂಕೆ ಕಂಡವು, ಮಕ್ಕಳು ಬ್ರೆಡ್ ಹಾಕಿದರು. ಹತ್ತಿರವೇ ಬಂದವು. ನಿಮ್ಮ ಮಗಳಿಗೂ ಖುಷಿಯಾಗುತ್ತೆ.

ಹಕ್ಕಿ ನೋಡೋಣ
ಅಯ್ಯೋ, ಬ್ರೆಡ್ ಹಾಕಬೇಡಿ ಸರ್. ಯಾವ ಪ್ರಾಣಿಗೂ ಹಾಕಬಾರದು. ಜಿಂಕೆ ಈ ದೇಶದ್ದೇ ಅಲ್ಲ. ನೂರು ವರ್ಷಕ್ಕೂ ಹಿಂದೆ ತಂದು ಬಿಟ್ಟ ರೂಸಾ ಜಾತಿ, ನಮ್ಮ ಕಡವೆಯ ಹತ್ತಿರದ ಸಂಬಂಧಿ. ಇಲ್ಲಿಯ ಗಿಡಗಳಿಗೆ ಗೊರಸಿನ ಪ್ರಾಣಿಯ ಅಭ್ಯಾಸವೇ ಇಲ್ಲ. ಚಿಗುರು ಬಂದಂತೆ ತಿಂದು ಹಾಕುತ್ತವೆ. ಅದಕ್ಕೇ ಪಾರ್ಕಿನವರು ಸಂಖ್ಯೆ ಕಮ್ಮಿ ಮಾಡುತ್ತಾರೆ.

ಮಂಡ್ಯದವ
ಕಮ್ಮಿ ಮಾಡುತ್ತಾರೆ ಅಂದರೆ ಗುಂಡು ಹೊಡೆಯುತ್ತಾರೆ ಅಂತ ತಾನೆ? ನ್ಯಾಷನಲ್ ಪಾರ್ಕ್ ಅಂತ ಹೆಸರಿಟ್ಟು ಜಿಂಕೆ ಕೊಲ್ಲೋದು ಯಾವ ನ್ಯಾಯ? ತಂದವರು ಮನುಷ್ಯರು. ತಪ್ಪು ಜಿಂಕೆದಲ್ಲ.

ಹಕ್ಕಿ ನೋಡೋಣ
ತಪ್ಪು ಜಿಂಕೆಯದು ಅಂತ ನಾನೂ ಹೇಳುವುದಿಲ್ಲ. ಆದರೆ 1994ರ ಜನವರಿಯಲ್ಲಿ ಪಾರ್ಕಿನ ಶೇಕಡಾ 90ಕ್ಕೂ ಹೆಚ್ಚು ಭಾಗ ಸುಟ್ಟುಹೋಗಿತ್ತು. ಅಂಥ ಬೆಂಕಿ ಆದ ಮೇಲೆ ಮರ ಚಿಗುರುತ್ತದೆ, ಬೀಜ ಮೊಳೆಯುತ್ತದೆ. ಆ ಹೊತ್ತಿಗೆ ನೂರಾರು ಜಿಂಕೆ ಮೇದರೆ ಕಾಡು ಮತ್ತೆ ಏಳುವುದು ಹೇಗೆ? ಕಾಡು ಏಳದಿದ್ದರೆ ಲೈರ್‌ಬರ್ಡ್ ಎಲ್ಲಿಗೆ ಹೋಗಬೇಕು?

ಮಂಡ್ಯದವ
ನಿಮ್ಮ ಮಾತು ಅರ್ಥವಾಯಿತು. ಮನಸ್ಸು ಒಪ್ಪುವುದಿಲ್ಲ. ಬ್ರೆಡ್ ಹಾಕುವುದು ನಿಲ್ಲಿಸುತ್ತೇವೆ.

ವುಲ್ಲಾಂಗಾಂಗ್ ವಾಸಿ
ಮೂಲ ಪ್ರಶ್ನೆಗೆ ಬರೋಣ. ದೇವಸ್ಥಾನ ಪಾರ್ಕಿನ ದಕ್ಷಿಣದ ಅಂಚಿನ ಹತ್ತಿರವೇ ಇದೆ. ಹೆಲೆನ್ಸ್‌ಬರ್ಗ್ ವೆಂಕಟೇಶ್ವರನ ದರ್ಶನ, ವಾರಾಂತ್ಯ ಆದ್ದರಿಂದ ಕ್ಯಾಂಟೀನಿನಲ್ಲಿ ದೋಸೆ. ಆಮೇಲೆ ಕಾರಿನಲ್ಲಿ ಬಾಲ್ಡ್ ಹಿಲ್. ಹತ್ತು-ಹದಿನೈದು ನಿಮಿಷ. ಅಲ್ಲಿ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಇಡೀ ಕರಾವಳಿ ಕಾಣುತ್ತದೆ. ನಿಮ್ಮ ಅತ್ತೆಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಗಾಳಿ ಸರಿಯಿದ್ದರೆ ಜನ ರೆಕ್ಕೆ ಕಟ್ಟಿಕೊಂಡು ಹಾರುತ್ತಿರುತ್ತಾರೆ. ಕೆಳಗಿನ ಸ್ಟಾನ್‌ವೆಲ್ ಪಾರ್ಕ್ ಬೀಚಿನಲ್ಲೇ 1894ರಲ್ಲಿ ಹಾರಾಟದ ಪ್ರಯೋಗ ಮಾಡುತ್ತಿದ್ದ ಲಾರೆನ್ಸ್ ಹಾರ್ಗ್ರೇವ್ ಪೆಟ್ಟಿಗೆ ಗಾಳಿಪಟಗಳನ್ನು ಕಟ್ಟಿಕೊಂಡು ನೆಲದಿಂದ 16 ಅಡಿ ಮೇಲೆದ್ದದ್ದು.

ಇನ್ನೂ ಸ್ವಲ್ಪ ಮುಂದೆ ಸೀ ಕ್ಲಿಫ್ ಬ್ರಿಡ್ಜ್. 665 ಮೀಟರ್, 2005ರಲ್ಲಿ ತೆರೆದರು. ಹಳೇ ರಸ್ತೆ ಗುಡ್ಡದ ಬುಡದಲ್ಲಿತ್ತು, ಕಲ್ಲು ಬೀಳುವುದು ನಿಲ್ಲಲೇ ಇಲ್ಲ. ಕೊನೆಗೆ ರಸ್ತೆಯನ್ನೇ ಗುಡ್ಡದಿಂದ ದೂರ ಸರಿಸಿ ಸಮುದ್ರದ ಮೇಲೆ ಕಟ್ಟಿದರು. ಪಕ್ಕದಲ್ಲಿ ನಡೆಯುವ ದಾರಿ ಇದೆ, ಕಂಬಿ ಹಿಡಿದುಕೊಂಡು ನಿಧಾನ ಹೋಗಬಹುದು. ಅದು ಪಾರ್ಕಿನೊಳಗಲ್ಲ, ಆದರೂ ಬಿಡಬೇಡಿ.

ಎರಡು ಗಾಲಿ
ಒಂದೇ ದಿನಕ್ಕೆ ಇದೆಲ್ಲ ತುಂಬಬೇಡಿ. ಆಡ್ಲಿ ಉತ್ತರದಲ್ಲಿ, ದೇವಸ್ಥಾನ ದಕ್ಷಿಣದಲ್ಲಿ. ಬೆಳಿಗ್ಗೆ ಆಡ್ಲಿಯಲ್ಲಿ ಸೈಕಲ್, ಆಮೇಲೆ ಪಾರ್ಕಿನ ಒಳಗಿನ ರಸ್ತೆಯಲ್ಲೇ ಇಳಿದು ಹೆಲೆನ್ಸ್‌ಬರ್ಗ್. ಬಂಡೀನಾ ಇನ್ನೊಂದು ದಿನ. ಹಿಂದಿನ ದಿನ ಮಳೆ ಬಂದಿದ್ದರೆ ಹೊರಡುವ ಮುಂಚೆ ವಿಚಾರಿಸಿ. ಆಡ್ಲಿಯಲ್ಲಿ ರಸ್ತೆ ಒಡ್ಡಿನ ಮೇಲೆ ಹೋಗುತ್ತದೆ, ನೀರು ಬಂದರೆ ಮುಚ್ಚುತ್ತಾರೆ. ಒಳಗೆ ಕಾರು ನಿಲ್ಲಿಸಲು ಶುಲ್ಕ ಇದೆ, ನಾನು ಹೋದಾಗ ದಿನಕ್ಕೆ 12 ಡಾಲರ್ ಇತ್ತು.

ಸೆಪ್ಟೆಂಬರ್ ಅಂದರೆ ಮ್ಯಾಗ್‌ಪೈ ಹಕ್ಕಿ ಮರಿ ಮಾಡುವ ಕಾಲ. ಸೈಕಲ್ಲಿನವರ ತಲೆಗೆ ಹಿಂದಿನಿಂದ ಎರಗುತ್ತವೆ. ಬಂದರೆ ಮಗಳು ಇಳಿದು ಸೈಕಲ್ ತಳ್ಳಿಕೊಂಡು ನಡೆಯಲಿ. ಕನ್ನಡಕ ಹಾಕಿಸಿ.

ತುಂಗೆಯ ದಡ
ಎಷ್ಟು ಉಪಕಾರ ಮಾಡಿದಿರಿ ಎಲ್ಲರೂ! ಇನ್ನೊಂದು ಕೇಳಬೇಕು. ಇಂಬಳ ಇದೆಯಾ? ಮಾವನಿಗೆ ಅದೇನು ಲೆಕ್ಕವಲ್ಲ, ಸುಣ್ಣ-ಹೊಗೆಸೊಪ್ಪು ಹಚ್ಚಿದರಾಯಿತು ಅನ್ನುತ್ತಾರೆ. ಮಗಳು ಕಿರುಚಾಡಿಬಿಡುತ್ತಾಳೆ.

ನಡೆದಷ್ಟೂ ದಾರಿ
ಇಂಬಳ ಇವೆ, ಮಳೆ ಬಂದ ಮೇಲೆ ಕಾಡಿನ ಭಾಗದಲ್ಲಿ ಜಾಸ್ತಿ. ಅವುಗಳಿಗೆ ಹೆದರಬೇಡಿ. ಹೆದರಬೇಕಾದದ್ದು ಉಣುಗಿಗೆ.

ಹಾರ್ನ್ಸ್‌ಬಿ ಕನ್ನಡತಿ
ಉಣುಗು ಅಂದರೆ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನೋಡಿದ ಜನ.

ಕುಮಟಾ ಕಡಲು
ಮಂಗನ ಕಾಯಿಲೆ ಇಲ್ಲೂ ಇದೆಯಾ??

ಹಾರ್ನ್ಸ್‌ಬಿ ಕನ್ನಡತಿ
ಇಲ್ಲ ಇಲ್ಲ. ಅದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ವೈರಸ್ಸೇ ಬೇರೆ. ಇಲ್ಲಿಯ ಉಣುಗಿನ ತೊಂದರೆ ಬೇರೆ ರೀತಿ. ಅದರ ಜೊಲ್ಲಿನಲ್ಲಿ ವಿಷ. ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ನಾನು ನರ್ಸ್ ಆಗಿ ಕೆಲಸ ಮಾಡುವವಳು, ಅದಕ್ಕೆ ಒತ್ತಿ ಹೇಳುತ್ತೇನೆ: ಕಚ್ಚಿಕೊಂಡ ಉಣುಗನ್ನು ಉಗುರಿನಲ್ಲಿ ಹಿಂಡಿ ಕೀಳಬೇಡಿ. ಹಿಂಡಿದರೆ ಆ ಜೊಲ್ಲು ಮೈಯೊಳಗೆ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಅದನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಸ್ಪ್ರೇ ಸಿಗುತ್ತದೆ. ಇದ್ದಲ್ಲೇ ಕೊಂದು, ತಾನಾಗಿ ಬೀಳಲು ಬಿಡಿ. ಉಸಿರಾಟ ಕಷ್ಟವಾದರೆ ಇಲ್ಲಿಯ ತುರ್ತು ನಂಬರ್ 000ಗೆ ಫೋನ್ ಮಾಡಿ. ಮನೆಗೆ ಬಂದ ಮೇಲೆ ಮಗಳ ಕೂದಲು, ಕಿವಿ ಹಿಂದೆ, ಕಂಕುಳು ನೋಡಿ. ಮಾವನವರಿಗೂ ಹೇಳಿ, ಇದಕ್ಕೆ ಸುಣ್ಣ ಹಚ್ಚುವುದು ಬೇಡ.

ಹೊಸಬ
ಹಾವು?

ನಡೆದಷ್ಟೂ ದಾರಿ
ಇವೆ. ಉದ್ದ ಪ್ಯಾಂಟು, ಶೂ, ದಾರಿ ಮೇಲೆ ಕಣ್ಣು. ಒಂದು ಅಗಲದ ಒತ್ತುಪಟ್ಟಿ ಚೀಲದಲ್ಲಿರಲಿ. ಕಚ್ಚಿದರೆ ಇಡೀ ಕಾಲಿಗೆ ಬಿಗಿಯಾಗಿ ಸುತ್ತಿ, ಅಲುಗಾಡದೆ ಕೂರಿಸಿ, 000ಗೆ ಫೋನ್ ಮಾಡಿ. ಹತ್ತು ವರ್ಷದಲ್ಲಿ ನನಗೆ ಕಂಡದ್ದು ಐದಾರು ಹಾವು, ಎಲ್ಲವೂ ತಾವಾಗಿ ಸರಿದುಹೋದವು.

ಬೆಂಗಳೂರು-ಬ್ಲ್ಯಾಕ್‌ಟೌನ್
ವಾಟಮೊಲ್ಲಾ ಯಾರೂ ಹೇಳಲೇ ಇಲ್ಲ. ಮಕ್ಕಳಿಗೆ ಅದು ಒಳ್ಳೆಯದು. ಕಾರು ಹತ್ತಿರದವರೆಗೆ ಹೋಗುತ್ತದೆ. ಒಂದು ಕಡೆ ಸಮುದ್ರ, ಹಿಂದೆ ಸಿಹಿನೀರಿನ ಲಗೂನು, ಅದಕ್ಕೆ ಬೀಳುವ ಜಲಪಾತ. ಈ ಸಲ ಎಚ್ಚರಿಕೆಯನ್ನೂ ನಾನೇ ಬರೆಯುತ್ತೇನೆ: ಜಲಪಾತದ ಮೇಲಿಂದ ಹುಡುಗರು ಹಾರುತ್ತಾರೆ, ಅದು ನಿಷೇಧ, ಎಷ್ಟೋ ಜನ ಬೆನ್ನು ಮುರಿದುಕೊಂಡಿದ್ದಾರೆ. ಸಂಜೆ ಗೇಟು ಹಾಕುತ್ತಾರೆ, ಹೊತ್ತು ನೋಡಿಕೊಳ್ಳಿ.

ನಡೆದಷ್ಟೂ ದಾರಿ
ಸರಿಯಾಗಿ ಹೇಳಿದಿರಿ. 1796ರಲ್ಲಿ ಈ ಕರಾವಳಿ ಶೋಧಿಸಲು ಹೊರಟ ಬ್ಯಾಸ್ ಮತ್ತು ಫ್ಲಿಂಡರ್ಸ್ ಎಂಬ ಇಂಗ್ಲಿಷರು ಪುಟ್ಟ ದೋಣಿಯಲ್ಲಿ ಬಿರುಗಾಳಿಗೆ ಸಿಕ್ಕಿ ರಾತ್ರಿ ಹೊತ್ತು ಆಶ್ರಯ ಪಡೆದದ್ದು ಅದೇ ಕೊಲ್ಲಿಯಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆ ನಡೆದರೆ ಈಗಲ್ ರಾಕ್. ಹದ್ದಿನ ತಲೆಯ ಹಾಗೇ ಇರುವ ಬಂಡೆ. ಪಕ್ಕದಲ್ಲಿ ಕುರಕುರಾಂಗ್ ಜಲಪಾತ ನೇರ ಸಮುದ್ರಕ್ಕೇ ಬೀಳುತ್ತದೆ. ಗಾಳಿ ಜೋರಿದ್ದ ದಿನ ನೀರು ಕೆಳಗೆ ತಲುಪುವುದೇ ಇಲ್ಲ, ವಾಪಸ್ ಮೇಲಕ್ಕೆ ಹಾರಿ ನಮ್ಮ ಮುಖಕ್ಕೇ ಬಡಿಯುತ್ತದೆ.

ಎರಡು ಗಾಲಿ
ಒಂದು ಕಡೆ ನನ್ನ ಬೇಸರ ಹೇಳಿಕೊಳ್ಳುತ್ತೇನೆ. ಸೈಕಲ್ಲಿನವರಲ್ಲಿ ಕೆಲವರು ಕಾಡಿನೊಳಗೆ ತಾವೇ ಕದ್ದು ದಾರಿ ಕಡಿದುಕೊಳ್ಳುತ್ತಾರೆ. ಆ ಮರಳು ಮಣ್ಣು ಒಮ್ಮೆ ಕೊರೆದರೆ ಮಳೆಗೆ ತೊಳೆದುಹೋಗುತ್ತದೆ. ಸೈಕಲ್ಲಿಗೆ ಅಂತ ಬಿಟ್ಟ ದಾರಿಗಳಿವೆ, ಅಗ್ನಿಶಾಮಕದ ಅಗಲ ದಾರಿಗಳಿವೆ. ಅದು ಸಾಲದೆ ನಡೆಯುವವರ ದಾರಿಗೂ ನುಗ್ಗಿದರೆ, ನಾಳೆ ಇರುವುದನ್ನೂ ಮುಚ್ಚುತ್ತಾರೆ. ನಮ್ಮ ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿಕೊಡೋಣ.

ಹೊಸಬ
ಆದರೆ ದಾರಿ ಕಮ್ಮಿ ಇರೋದೂ ನಿಜ ಅಲ್ವಾ? ಸಿಡ್ನಿಯಲ್ಲಿ ಮೌಂಟನ್ ಬೈಕಿನವರು ಎಷ್ಟು ಜಾಸ್ತಿಯಾಗಿದ್ದಾರೆ.

ಎರಡು ಗಾಲಿ
ನಿಜ. ಕೇಳಿ ಪಡೆಯಬೇಕು, ಕಡಿದು ಅಲ್ಲ.

ತುಂಗೆಯ ದಡ
ಹೋಗಿ ಬಂದೆವು! ಹೇಗಾಯಿತು ಅಂತ ಬರೆಯುತ್ತಿದ್ದೇನೆ.

ಎರಡು ಗಾಲಿ ಅವರು ಹೇಳಿದ ಹಾಗೇ ಮಾಡಿದೆವು. ಬೆಳಿಗ್ಗೆ 8ಕ್ಕೆ ಆಡ್ಲಿ. ಅತ್ತೆ ನದಿಯ ಪಕ್ಕ ಮರದ ಕೆಳಗೆ ಕೂತರು, ಜೊತೆಗೆ ನಾನು. ಬಿಳಿ ಕಾಕಟೂಗಳು ನಮ್ಮ ಬುತ್ತಿಗೆ ಕಣ್ಣು ಹಾಕಿ ಸುತ್ತ ನಿಂತವು. ಕೊಡಲಿಲ್ಲ. ಮಗಳು, ಯಜಮಾನರು ಸೈಕಲ್ಲಿನಲ್ಲಿ, ಮಾವ ನಡೆದುಕೊಂಡು. ಮಗಳು ಮುಂದೆ ಹೋಗುವುದು, ಅಜ್ಜನಿಗಾಗಿ ನಿಲ್ಲುವುದು, ಮತ್ತೆ ಹೋಗುವುದು. ಮೂರು ಕಿಲೋಮೀಟರ್ ಅಂತ ಹೊರಟ ಮಾವ ಐದು ಹೋಗಿ ಐದು ಬಂದರು. ಲೈರ್‌ಬರ್ಡ್ ಕಾಣಲಿಲ್ಲ, ದನಿ ಕೇಳಿತಂತೆ. "ಹತ್ತು ಹಕ್ಕಿ ಒಂದೇ ಗಂಟಲಲ್ಲಿ" ಎಂದು ಮಾವ ಇನ್ನೂ ಹೇಳುತ್ತಿದ್ದಾರೆ. ಮ್ಯಾಗ್‌ಪೈ ಬರಲಿಲ್ಲ. ಉಣುಗು ಇಲ್ಲ, ಇಂಬಳ ಒಂದು, ಅದೂ ಮಾವನಿಗೇ.

ಯಜಮಾನರು ಕುಮಟಾ ಕಡಲು ಅವರು ಬರೆದದ್ದು ಓದಿ ತಾವೇ ಫಿಗರ್ ಎಯ್ಟ್ ಪೂಲ್ಸ್ ಬೇಡ ಅಂದರು. ನಾನು ಏನೂ ಹೇಳಬೇಕಾಗಲಿಲ್ಲ.

ದಾರಿಯಲ್ಲಿ ಗೈಮಿಯಾ ಲಿಲ್ಲಿ ಹೂ ಬಿಟ್ಟಿತ್ತು. ಆಳಿಗಿಂತ ಎಷ್ಟೋ ಎತ್ತರದ ಕೋಲು, ತುದಿಯಲ್ಲಿ ಕೆಂಪು ಹೂವಿನ ಗೊಂಚಲು. ಅತ್ತೆ ಕಾರು ನಿಲ್ಲಿಸಿ ನೋಡಿದರು. ದೇವಸ್ಥಾನ, ದೋಸೆ, ಆಮೇಲೆ ಬಾಲ್ಡ್ ಹಿಲ್. ಅಲ್ಲಿ ಅತ್ತೆ ಕಂಬಿ ಹಿಡಿದು ನಿಂತವರು ಅರ್ಧ ಗಂಟೆ ಕದಲಲಿಲ್ಲ. ಮದುವೆಯಾದ ವರ್ಷ ಮಾವನ ಜೊತೆ ಮರವಂತೆಗೆ ಹೋಗಿದ್ದರಂತೆ. ಅದಾದ ಮೇಲೆ ಸಮುದ್ರದ ಮುಂದೆ ಇಷ್ಟು ಹೊತ್ತು ನಿಂತಿದ್ದೇ ಇಲ್ಲ ಅಂದರು. ದೂರದಲ್ಲಿ ಒಂದು ತಿಮಿಂಗಿಲ ನೀರು ಚಿಮ್ಮಿಸಿತು. ಮೊದಲು ಕಂಡದ್ದು ಅವರಿಗೇ.

ಹಾರ್ನ್ಸ್‌ಬಿ ಕನ್ನಡತಿ
ಓದಿ ಕಣ್ಣು ತುಂಬಿತು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಾಯಿ ತಿಮಿಂಗಿಲಗಳು ಮರಿ ಕರೆದುಕೊಂಡು ದಕ್ಷಿಣಕ್ಕೆ ಹೋಗುತ್ತವೆ. ಅತ್ತೆ ಊರಿಗೆ ಹೊರಡುವ ಮುಂಚೆ ಬಂಡೀನಾ ದೋಣಿ ಹತ್ತಿಸಿ.

ಹಕ್ಕಿ ನೋಡೋಣ
ದನಿ ಕೇಳಿದ್ದು ಎಷ್ಟು ಹೊತ್ತಿಗೆ? ಯಾವ ಹಳ್ಳದ ಹತ್ತಿರ?

ತುಂಗೆಯ ದಡ
ಮಾವನನ್ನು ಕೇಳಿದೆ. ಒಂಬತ್ತೂವರೆ ಇರಬಹುದಂತೆ. ಹಳ್ಳದ ಹೆಸರು ಓದಿದ್ದರು, ನೆನಪಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ ನೋಡಿ ಹೇಳುತ್ತಾರಂತೆ.